ಮೇ ತಿಂಗಳ ಮೇಲುಗೈ, ಜೂನ್ ತಿಂಗಳ ಬುದ್ಧಿವಾದ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಬೆಂಗಳೂರು

ಮಾನ್ಯರೇ,

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ 'ಬಾಲಕಿಯರೇ ಮೇಲುಗೈ' ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲವಾಗಿದ್ದರೆ ಈ ಒಂದು ಸಾಲನ್ನು ಬಿಚ್ಚದೆ ಮುಂದಿನ ವರ್ಷಕ್ಕೆ ಹಾಗೆಯೇ ಎತ್ತಿಡಬಹುದಿತ್ತು. 2024ರಲ್ಲಿ ಬಾಲಕಿಯರ ಉತ್ತೀರ್ಣತೆ ಶೇ 81.11, ಬಾಲಕರದು ಶೇ 65.90. ಇದಾಗಿ ಕೆಲವೇ ವಾರಗಳಲ್ಲಿ, ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದ ಅದೇ ಬಾಲಕಿ ಪಿಯು ಕಾಲೇಜಿನ ದಾಖಲಾತಿ ಕೊಠಡಿಯ ಮುಂದೆ ತಂದೆಯ ಜೊತೆ ನಿಂತಾಗ, ಒಳಗಿನಿಂದಲೋ ಪಕ್ಕದಿಂದಲೋ ಒಂದು ಹಿತವಚನ ಬರುತ್ತದೆ: "ಹೆಣ್ಣುಮಗಳಿಗೆ ಮ್ಯಾಥ್ಸ್ ಯಾಕೆ ತಲೆನೋವು, ಆರ್ಟ್ಸೋ ಕಾಮರ್ಸೋ ಕೊಡಿಸಿ." ಹೇಳುವವರಲ್ಲಿ ಕೆಡುಕಿನ ಉದ್ದೇಶ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಭಾಷೆ ಒಲಿಯುತ್ತದೆ, ಗಂಡುಮಕ್ಕಳಿಗೆ ಲೆಕ್ಕ ಒಲಿಯುತ್ತದೆ ಎಂಬುದು ಅವರ ಪಾಲಿಗೆ ಮಳೆ ಮೇಲಿನಿಂದ ಬೀಳುತ್ತದೆ ಎಂಬಷ್ಟೇ ಸಹಜವಾದ ಸಂಗತಿ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿ ನಿವೃತ್ತಳಾದವಳು. ಈ ಮಾತನ್ನು ಕೇಳಿದ್ದೇನೆ, ಹೇಳಿಯೂ ಇದ್ದೇನೆ. ಆದ್ದರಿಂದ ಈ ಪತ್ರದಲ್ಲಿ ದೂರು ಎಷ್ಟಿದೆಯೋ ತಪ್ಪೊಪ್ಪಿಗೆಯೂ ಅಷ್ಟೇ ಇದೆ. ನನ್ನ ಕೋರಿಕೆ ಇಷ್ಟು: ಈ ನಂಬಿಕೆಯ ಹಿಂದೆ ನಿಜವಾಗಿ ಎಷ್ಟು ಹುರುಳಿದೆ ಎಂಬುದನ್ನು ಇಲಾಖೆ ಒಮ್ಮೆ ತೂಗಿ ನೋಡಬೇಕು, ಇರುವಷ್ಟು ಹುರುಳಿಗೆ ತಕ್ಕ ಕೆಲಸ ಮಾಡಬೇಕು, ಇಲ್ಲದ್ದನ್ನು ಶಾಲೆಯ ಅಂಗಳದಿಂದ ಹೊರಗೆ ಹಾಕಬೇಕು.

ಮೊದಲು ಹುರುಳಿನ ಮಾತು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿನಾರ್ ಮ್ಯಾಕಬಿ ಮತ್ತು ಕ್ಯಾರಲ್ ಜ್ಯಾಕ್ಲಿನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಗಂಡು ಹೆಣ್ಣಿನ ನಡುವಿನ ವ್ಯತ್ಯಾಸಗಳ ಕುರಿತ ಹಲವು ನಂಬಿಕೆಗಳಿಗೆ ಆಧಾರವಿಲ್ಲವೆಂದು ತೋರಿಸಿದರು. ಆಧಾರವಿದೆ ಎಂದು ಅವರು ಉಳಿಸಿಕೊಂಡ ಕೆಲವೇ ಸಂಗತಿಗಳಲ್ಲಿ ಹುಡುಗಿಯರ ಭಾಷಾ ಸಾಮರ್ಥ್ಯವೂ ಹುಡುಗರ ಗಣಿತ ಸಾಮರ್ಥ್ಯವೂ ಸೇರಿದ್ದವು. ಇದು ಪಠ್ಯಪುಸ್ತಕಗಳಿಗೆ ಇಳಿದು, ನಮ್ಮ ಶಿಕ್ಷಕ ತರಬೇತಿಯ ಟಿಪ್ಪಣಿಗಳಿಗೂ ಇಳಿದು, ಅಲ್ಲಿಯೇ ನಿಂತುಬಿಟ್ಟಿತು. ಸಂಶೋಧನೆ ಮಾತ್ರ ನಿಲ್ಲಲಿಲ್ಲ. 1988ರಲ್ಲಿ ಜ್ಯಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ 165 ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ತೂಗಿದಾಗ ಭಾಷೆಯಲ್ಲಿ ಹುಡುಗಿಯರ ಮುನ್ನಡೆ ಮಾನಕ ವಿಚಲನೆಯ 0.11ರಷ್ಟು ಮಾತ್ರ ಎಂದು ಕಂಡಿತು. ಎರಡು ವರ್ಷದ ನಂತರ ಗಣಿತದ ಬಗ್ಗೆ ಬಂದ ಇಂಥದೇ ಲೆಕ್ಕದಲ್ಲಿ ಸಾಮಾನ್ಯ ಜನಸಮುದಾಯದ ಮಟ್ಟಿಗೆ ಅಂತರ ಇಲ್ಲವೆನ್ನುವಷ್ಟು ಸಣ್ಣದಿತ್ತು. ಪ್ರೌಢಶಾಲೆಯ ಹಂತದ ಕ್ಲಿಷ್ಟ ಸಮಸ್ಯೆ ಬಿಡಿಸುವುದರಲ್ಲಿ ಮಾತ್ರ ಹುಡುಗರು 0.29ರಷ್ಟು ಮುಂದಿದ್ದರು. 2008ರಲ್ಲಿ ಹೈಡ್ ಮತ್ತು ಸಂಗಡಿಗರು ಅಮೆರಿಕದ ಹತ್ತು ರಾಜ್ಯಗಳ, ಎರಡನೆಯ ತರಗತಿಯಿಂದ ಹನ್ನೊಂದನೆಯವರೆಗಿನ 70 ಲಕ್ಷಕ್ಕೂ ಹೆಚ್ಚು ಮಕ್ಕಳ ಗಣಿತದ ಫಲಿತಾಂಶ ನೋಡಿದರು. ಅಂತರ ಸೊನ್ನೆಗೆ ಅಂಟಿಕೊಂಡಿತ್ತು.

ಮಾನಕ ವಿಚಲನೆ ಎಂದೊಡನೆ ಪತ್ರ ಮಡಿಸಿಡಬೇಡಿ. ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ ಅದು, ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಕಾಲದಲ್ಲಿ ನಾವೇ ಕಲಿಸುತ್ತಿದ್ದ ಪಾಠ. 0.11 ಎಂದರೆ ಏನೆಂಬುದನ್ನು ಹೀಗೆ ನೋಡಬಹುದು. ಕಣ್ಣುಮುಚ್ಚಿ ಒಬ್ಬ ಹುಡುಗಿಯನ್ನೂ ಒಬ್ಬ ಹುಡುಗನನ್ನೂ ಆರಿಸಿ ಇಬ್ಬರ ಭಾಷಾ ಸಾಮರ್ಥ್ಯವನ್ನು ಹೋಲಿಸಿದರೆ, ನೂರು ಜೋಡಿಗಳಲ್ಲಿ ಸುಮಾರು 53 ಸಲ ಹುಡುಗಿ ಮುಂದಿರುತ್ತಾಳೆ, 47 ಸಲ ಹುಡುಗ. ಕ್ಲಿಷ್ಟ ಗಣಿತದ 0.29ನ್ನೇ ತೆಗೆದುಕೊಂಡರೂ ಹುಡುಗನ ಪಾಲು 58, ಹುಡುಗಿಯದು 42. ವಯಸ್ಕರ ಎತ್ತರದ ವಿಷಯದಲ್ಲಿ ಇದೇ ಲೆಕ್ಕ ಮಾಡಿದರೆ ಗಂಡಸು ತೊಂಬತ್ತಕ್ಕೂ ಹೆಚ್ಚು ಸಲ ಗೆಲ್ಲುತ್ತಾನೆ. ಕಣ್ಣಿಗೆ ಕಾಣುವ ವ್ಯತ್ಯಾಸ ಎಂದರೆ ಅದು. 53ಕ್ಕೆ 47 ಎಂಬುದು ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಶಿಕ್ಷಕಿಯ ಕಣ್ಣಿಗೂ ಬೀಳುವಂಥದ್ದಲ್ಲ. ನಮಗೆ ಕಂಡಿತು ಎಂದರೆ ನಾವು ಮೊದಲೇ ಅದನ್ನು ನಂಬಿಕೊಂಡಿದ್ದೆವು ಎಂದೇ ಅರ್ಥ.

ಎದುರು ಪಕ್ಷದ ಬಲವಾದ ವಾದವನ್ನು ಮುಚ್ಚಿಡುವುದು ಸರಿಯಲ್ಲ. ಸರಾಸರಿ ಒಂದೇ ಆಗಿದ್ದರೂ ಹುಡುಗರ ಅಂಕಗಳು ಎರಡೂ ತುದಿಗಳ ಕಡೆಗೆ ಸ್ವಲ್ಪ ಹೆಚ್ಚು ಹರಡಿರುತ್ತವೆ. ಹಾಗಾಗಿ ತೀರಾ ಮೇಲಿನ ತುದಿಯಲ್ಲಿಯೂ ತೀರಾ ಕೆಳಗಿನ ತುದಿಯಲ್ಲಿಯೂ ಹುಡುಗರೇ ಹೆಚ್ಚು ಕಾಣುತ್ತಾರೆ ಎಂಬುದು ಆ ವಾದ. ಇದರಲ್ಲಿ ತಥ್ಯವಿದೆ. 1980ರ ದಶಕದ ಆರಂಭದಲ್ಲಿ ಕ್ಯಾಮಿಲಾ ಬೆನ್‌ಬೋ ಮತ್ತು ಜೂಲಿಯನ್ ಸ್ಟ್ಯಾನ್ಲಿ ಹದಿಮೂರು ತುಂಬದ ಅಮೆರಿಕನ್ ಮಕ್ಕಳಿಗೆ ಕಾಲೇಜು ಪ್ರವೇಶದ ಗಣಿತ ಪರೀಕ್ಷೆ ಕೊಟ್ಟಾಗ, 800ಕ್ಕೆ 700 ಅಥವಾ ಹೆಚ್ಚು ಪಡೆದವರಲ್ಲಿ 13 ಹುಡುಗರಿಗೆ ಒಬ್ಬಳು ಹುಡುಗಿ ಇದ್ದಳು. ಆದರೆ ಅದೇ ಬಗೆಯ ಪ್ರತಿಭಾಶೋಧದಲ್ಲಿ ಆ ಅನುಪಾತ ಮುಂದಿನ ವರ್ಷಗಳಲ್ಲಿ ಸುಮಾರು 4ಕ್ಕೆ 1ರ ಮಟ್ಟಕ್ಕೆ ಇಳಿಯಿತು. ಒಂದು ತಲೆಮಾರಿನೊಳಗೆ ಮಿದುಳಿನ ರಚನೆ ಬದಲಾಗುವುದಿಲ್ಲ. ಶಾಲೆ, ಮನೆ, ನಿರೀಕ್ಷೆ ಇವು ಬದಲಾಗುತ್ತವೆ. ಉಳಿದ 4ಕ್ಕೆ 1ರಲ್ಲಿ ಹುಟ್ಟಿನ ಪಾಲೆಷ್ಟು, ಬೆಳೆಸಿದ ರೀತಿಯ ಪಾಲೆಷ್ಟು ಎಂಬ ಜಗಳ ವಿದ್ವಾಂಸರ ನಡುವೆ ನಡೆಯುತ್ತಿರಲಿ. ಹೋಬಳಿ ಕೇಂದ್ರದ ಪಿಯು ಕಾಲೇಜಿನಲ್ಲಿ ಯಾವ ವಿಭಾಗ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಲಕ್ಷಕ್ಕೊಬ್ಬರ ತುದಿಯ ಪ್ರಶ್ನೆ ಅಲ್ಲವೇ ಅಲ್ಲ.

ಹಾಗೆಯೇ ನನ್ನ ಪಕ್ಷದವರು ವೇದಿಕೆಗಳಲ್ಲಿ ಮೇಲಿಂದ ಮೇಲೆ ಬಳಸುವ ಎರಡು ಆಧಾರಗಳನ್ನು ನಾನು ಬಳಸುತ್ತಿಲ್ಲ. ಒಂದು, ಬೆಂಗಳೂರಿನಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದೆ, 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಶಕುಂತಲಾ ದೇವಿಯವರ ಹೆಸರು. ಅವರ ಬಗ್ಗೆ ನನಗೆ ಅಪಾರ ಹೆಮ್ಮೆಯಿದೆ. ಆದರೆ ಒಬ್ಬರ ಅಸಾಧಾರಣ ಶಕ್ತಿ ಸರಾಸರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದು, ಪರೀಕ್ಷೆಗೆ ಮೊದಲು 'ಇದರಲ್ಲಿ ಹುಡುಗಿಯರು ಹಿಂದೆ' ಎಂದು ನೆನಪಿಸಿದರೆ ಸಾಕು, ಅವರ ಅಂಕ ಕುಸಿಯುತ್ತದೆ ಎಂದು 1999ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗ. 2018ರಲ್ಲಿ ನೆದರ್ಲೆಂಡ್ಸ್‌ನ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ನಮಗೆ ಬೇಕಾದ ಉತ್ತರ ಕೊಡುತ್ತದೆಂಬ ಕಾರಣಕ್ಕೆ ಅಲುಗಾಡುವ ಕಂಬಕ್ಕೆ ಒರಗಿ ನಿಲ್ಲಬಾರದು.

ನನ್ನನ್ನು ತಟ್ಟಿದ್ದು ಬೇರೆ ಎರಡು ಅಧ್ಯಯನಗಳು. 2010ರಲ್ಲಿ ಮನೋವಿಜ್ಞಾನಿ ಬೈಲಾಕ್ ಮತ್ತು ಸಂಗಡಿಗರು ಅಮೆರಿಕದ ಒಂದು ಮತ್ತು ಎರಡನೆಯ ತರಗತಿಗಳ 17 ಶಿಕ್ಷಕಿಯರನ್ನೂ ಅವರ ಮಕ್ಕಳನ್ನೂ ಒಂದು ವರ್ಷ ಗಮನಿಸಿದರು. ಶಿಕ್ಷಕಿಗೆ ಗಣಿತದ ಭಯ ಹೆಚ್ಚಿದ್ದಷ್ಟೂ, ವರ್ಷದ ಕೊನೆಯ ಹೊತ್ತಿಗೆ 'ಹುಡುಗರು ಲೆಕ್ಕದಲ್ಲಿ ಜಾಣರು, ಹುಡುಗಿಯರು ಓದಿನಲ್ಲಿ ಜಾಣರು' ಎಂದು ಒಪ್ಪುವ ಹುಡುಗಿಯರು ಹೆಚ್ಚಿದ್ದರು, ಹಾಗೆ ಒಪ್ಪಿದ ಹುಡುಗಿಯರ ಗಣಿತ ಹಿಂದೆ ಬಿದ್ದಿತ್ತು. ಹುಡುಗರ ಮೇಲೆ ಆ ಪರಿಣಾಮ ಇರಲಿಲ್ಲ. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಹತ್ತನೆಯ ತರಗತಿಗೇ ಗಣಿತಕ್ಕೆ ಕೈಮುಗಿದು, ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ, ಡಿ.ಎಡ್. ಮಾಡಿ ಕಿರಿಯ ಪ್ರಾಥಮಿಕ ಶಾಲೆಗೆ ಬಂದು ಭಿನ್ನರಾಶಿ ಕಲಿಸಬೇಕಾದ ಎಷ್ಟೋ ಸಹೋದ್ಯೋಗಿಗಳನ್ನು ನಾನು ತರಬೇತಿ ಶಿಬಿರಗಳಲ್ಲಿ ಕಂಡಿದ್ದೇನೆ. "ನನಗೂ ಲೆಕ್ಕ ಅಂದ್ರೆ ಅಷ್ಟಕ್ಕಷ್ಟೇ" ಎಂದು ಅವರು ನಗುತ್ತಾ ಹೇಳುವುದನ್ನು ಮುಂದಿನ ಬೆಂಚಿನ ಪುಟ್ಟ ಹುಡುಗಿ ನಗುತ್ತಾ ಕೇಳಿಸಿಕೊಳ್ಳುವುದಿಲ್ಲ. ಎರಡನೆಯದು 2017ರ ಅಧ್ಯಯನ. 'ತುಂಬಾ ತುಂಬಾ ಬುದ್ಧಿವಂತರು' ಯಾರು ಎಂದು ಕೇಳಿದಾಗ ಐದು ವರ್ಷದ ಹೆಣ್ಣುಮಕ್ಕಳು ತಮ್ಮಂಥವರನ್ನೇ ತೋರಿಸುತ್ತಿದ್ದರು. ಆರಕ್ಕೆ ಬರುವ ಹೊತ್ತಿಗೆ ಹಾಗೆ ತೋರಿಸುವುದು ಕಡಿಮೆಯಾಗಿತ್ತು. ಶಾಲೆಯಲ್ಲಿ ಒಳ್ಳೆಯ ಅಂಕ ಪಡೆಯುವವರು ಯಾರು ಎಂದು ಕೇಳಿದರೆ ಮಾತ್ರ ಹುಡುಗಿಯರನ್ನು ತೋರಿಸಲು ಅವರಿಗೆ ಅಳುಕಿರಲಿಲ್ಲ.

ಇದನ್ನು ಓದಿದಾಗ ನನ್ನದೇ ಅಂಕಪಟ್ಟಿಯ ಷರಾಗಳು ಕಣ್ಣಮುಂದೆ ಬಂದವು. ಗಣಿತದಲ್ಲಿ 85 ಪಡೆದ ಹುಡುಗಿಯ ತಾಯಿಗೆ ನಾನು ಹೇಳುತ್ತಿದ್ದುದು, "ಕಷ್ಟಪಟ್ಟು ಓದ್ತಾಳೆ." 45 ಪಡೆದ ಹುಡುಗನ ತಾಯಿಗೆ, "ತಲೆ ಇದೆ, ಓದಲ್ಲ ಅಷ್ಟೆ." ಎರಡೂ ಹೊಗಳಿಕೆಯೆಂದೇ ನಾನು ತಿಳಿದಿದ್ದೆ. 85 ತೆಗೆದವಳಿಗೆ ತಲೆ ಇದೆ ಎಂದು ಹೇಳಲು ಮೂವತ್ತು ವರ್ಷದಲ್ಲಿ ಎಷ್ಟು ಸಲ ನೆನಪಾಗಿತ್ತೋ ಕಾಣೆ.

ನಮ್ಮ ದೇಶದ ಸಾಕ್ಷ್ಯವನ್ನೇ ನೋಡೋಣ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2018ರ ವರದಿಯ ಪ್ರಕಾರ 14ರಿಂದ 16 ವರ್ಷದ ಹುಡುಗರಲ್ಲಿ ಶೇ 50ರಷ್ಟು ಮಂದಿ ಭಾಗಾಕಾರ ಮಾಡಬಲ್ಲವರಾಗಿದ್ದರು, ಹುಡುಗಿಯರಲ್ಲಿ ಶೇ 44ರಷ್ಟು. ಇದು ದೇಶದ ಒಟ್ಟು ಲೆಕ್ಕ. ಆದರೆ ಹಿಮಾಚಲ ಪ್ರದೇಶ, ಪಂಜಾಬ್, ಕೇರಳ, ತಮಿಳುನಾಡು ಮತ್ತು ನಮ್ಮ ಕರ್ನಾಟಕದಲ್ಲಿ ಅಂಕಗಣಿತದಲ್ಲಿಯೂ ಹುಡುಗಿಯರೇ ಮುಂದಿದ್ದರು. ಗಣಿತ ಗಂಡಿನ ಮಿದುಳಿನ ಸ್ವತ್ತಾಗಿದ್ದರೆ ಅದು ರಾಜ್ಯದ ಗಡಿಯ ಹತ್ತಿರ ಬಂದು ತಿರುಗಿ ನಿಲ್ಲಬೇಕಾದ ಕಾರಣವೇನು?

ಮೇಘಾಲಯ ಸೀಮೆಯಿಂದ ಬಂದ ಇನ್ನೊಂದು ಸಾಕ್ಷ್ಯ ಇದಕ್ಕಿಂತ ಸ್ವಾರಸ್ಯದ್ದು. ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಸಾಮರ್ಥ್ಯದಲ್ಲಿ ಗಂಡಸರ ಮುನ್ನಡೆ, ಈ ಕ್ಷೇತ್ರದ ಉಳಿದೆಲ್ಲ ಅಂತರಗಳಿಗಿಂತ ದೊಡ್ಡದೆಂದು ಎಣಿಸಲ್ಪಟ್ಟಿದೆ. ರೇಖಾಗಣಿತಕ್ಕೂ ಎಂಜಿನಿಯರಿಂಗಿಗೂ ಅದನ್ನೇ ಕಾರಣವಾಗಿ ಕೊಡುತ್ತಾರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಕ್ಕಪಕ್ಕದಲ್ಲೇ ಬಾಳುವ ಖಾಸಿ ಮತ್ತು ಕರ್ಬಿ ಸಮುದಾಯಗಳ ಸುಮಾರು 1,300 ಜನರಿಗೆ ನಾಲ್ಕು ತುಂಡಿನ ಒಂದು ಜೋಡಣೆಯ ಒಗಟು ಕೊಡಲಾಯಿತು. ತಂದೆಯಿಂದ ಮಗನಿಗೆ ಆಸ್ತಿ ಹೋಗುವ ಕರ್ಬಿಗಳಲ್ಲಿ ಗಂಡಸರು ಅದನ್ನು ಬಿಡಿಸಲು ತೆಗೆದುಕೊಂಡ ಸಮಯ ಹೆಂಗಸರದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಮೀರಿ ಕಡಿಮೆಯಿತ್ತು. ತಾಯಿಯಿಂದ ಕಿರಿಯ ಮಗಳಿಗೆ ಆಸ್ತಿ ಹೋಗುವ ಖಾಸಿಗಳಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವ ಅಂತರವೇ ಇರಲಿಲ್ಲ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ನಮ್ಮ ಕರಾವಳಿಯ ಅಳಿಯಕಟ್ಟಿನ ಪರಿಚಯ ಇರುವವರಿಗೆ ಇದು ದೂರದ ಕತೆಯಾಗಿ ಕೇಳಲಾರದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ, ದಕ್ಷಿಣ ಕನ್ನಡ ಮೊದಲೆರಡು ಸ್ಥಾನ ಪಡೆದದ್ದಕ್ಕೂ ಅಳಿಯಕಟ್ಟಿಗೂ ಗಂಟು ಹಾಕುವ ಆತುರ ಮಾತ್ರ ಬೇಡ. ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಈ ಸಾಮರ್ಥ್ಯ ಅಭ್ಯಾಸದಿಂದ ಬೆಳೆಯುತ್ತದೆ ಎಂಬುದಂತೂ 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಖಚಿತವಾಗಿದೆ.

ಹೀಗಿರುವಾಗ ಅಭ್ಯಾಸದ ವಸ್ತು ನಮ್ಮ ಹುಡುಗಿಯರ ಕೈಯಲ್ಲೇ ಇದ್ದರೂ ನಾವು ಅದನ್ನು ಗಣಿತವೆಂದು ಕರೆಯಲಿಲ್ಲ. 15ರಿಂದ 8ರವರೆಗೆ ಸಂದುಚುಕ್ಕಿಯ ರಂಗೋಲಿ ಇಡುವ ಹುಡುಗಿ ನಡುಸಾಲಿನಲ್ಲಿ 15 ಚುಕ್ಕಿ ಇಟ್ಟು, ಮೇಲೂ ಕೆಳಗೂ ಸಾಲಿಗೊಂದು ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸುತ್ತಾಳೆ. ಒಟ್ಟು 169 ಚುಕ್ಕಿ. ಸಮಾಂತರ ಶ್ರೇಢಿಯ ಮೊತ್ತಕ್ಕೆ, ಪ್ರತಿಫಲನಕ್ಕೆ, ಆವರ್ತನ ಸಮಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಆದರೂ ಕೆಲಸದ ಕೊನೆಯ ಕೆಲವು ವರ್ಷಗಳವರೆಗೆ ಅದನ್ನು ಕರಿಹಲಗೆಯ ಮೇಲೆ ಬಿಡಿಸಿದವಳಲ್ಲ ನಾನು. ಅವಳ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಇಪ್ಪತ್ತು ಜನರ ಉಳಿತಾಯ, ಸಾಲ, ಬಡ್ಡಿ, ಕಂತುಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ಪೋಷಕರ ಸಭೆಗೆ ಬಂದಾಗ "ನಮ್ಗೆ ಲೆಕ್ಕ ಎಲ್ಲಿ ಬರ್ತದೆ ಮೇಡಂ" ಎನ್ನುತ್ತಿದ್ದರು.

ಹೆಣ್ಣುಮಕ್ಕಳ ಗಣಿತವನ್ನು ತಡೆದದ್ದು ತಲೆಯಲ್ಲ, ವ್ಯವಸ್ಥೆ ಎಂಬುದಕ್ಕೆ ನಮ್ಮ ಇತಿಹಾಸವೇ ಸಾಕ್ಷಿ. 1960ರ ದಶಕದವರೆಗೆ ದೇಶದ ಎಷ್ಟೋ ಕಡೆ ಹುಡುಗಿಯರು ಗಣಿತ ಬಿಟ್ಟು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಠ್ಯಕ್ರಮ ಬೇಕೇ ಎಂದು ಪರಿಶೀಲಿಸಿದ ಹಂಸಾ ಮೆಹ್ತಾ ಸಮಿತಿ ಅಂಥ ಭೇದಕ್ಕೆ ಆಧಾರವಿಲ್ಲವೆಂದಿತು. 1964-66ರ ಕೊಠಾರಿ ಆಯೋಗ ಅದನ್ನು ಎತ್ತಿಹಿಡಿಯಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಹಂತ ಮುಗಿಯುವವರೆಗೆ ವಿಜ್ಞಾನ ಮತ್ತು ಗಣಿತವನ್ನು ಎಲ್ಲರ ಶಿಕ್ಷಣದ ಭಾಗವಾಗಿಸಿತು. ನನ್ನ ದೊಡ್ಡಮ್ಮ ಹೊಲಿಗೆ ಮತ್ತು ಅಡುಗೆಯ ಪರೀಕ್ಷೆ ಬರೆದು ಮೆಟ್ರಿಕ್ ಮುಗಿಸಿದವರು, ನಾನು ಅದೇ ಮನೆಯಿಂದ ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು. ನಡುವೆ ಬದಲಾದದ್ದು ಒಂದು ಸರ್ಕಾರಿ ಆದೇಶ.

ಇಂದಿನ ತಡೆಗಳು ಕಾಗದದ ಮೇಲಿಲ್ಲ, ಹಾಗಾಗಿ ಹಿಡಿಯುವುದು ಕಷ್ಟ. ಹೋಬಳಿ ಮಟ್ಟದ ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳಲ್ಲಿ ವಿಜ್ಞಾನ ವಿಭಾಗವೇ ಇಲ್ಲ. ಗಣಿತ ಓದಬೇಕೆಂದರೆ ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಹೋಗಬೇಕು. ಮಗನನ್ನು ಪೇಟೆಯಲ್ಲಿ ರೂಮು ಮಾಡಿ ಇರಿಸುವ ಮನೆಯವರು ಮಗಳನ್ನು ಇರಿಸುವುದಿಲ್ಲ. 2023ರ ಜೂನ್‌ನಿಂದ ಬಸ್ಸಿನ ಟಿಕೆಟ್ ಉಚಿತವಾಗಿದೆ, ಅದು ಸಣ್ಣ ಉಪಕಾರವಲ್ಲ. ಆದರೆ ಪ್ರಾಯೋಗಿಕ ತರಗತಿ ಮುಗಿಸಿ ಸಂಜೆ ಊರಿಗೆ ಮರಳಲು ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಏನು ಮಾಡೀತು? ಆ ಹುಡುಗಿ ಊರಿನಲ್ಲೇ ಕಲಾ ವಿಭಾಗ ಸೇರುತ್ತಾಳೆ. ಹತ್ತು ವರ್ಷದ ನಂತರ ಅಂಕಿಅಂಶ ನೋಡಿದವರು ಹೆಣ್ಣುಮಕ್ಕಳಿಗೆ ಗಣಿತದಲ್ಲಿ ಆಸಕ್ತಿ ಕಡಿಮೆ ಎನ್ನುತ್ತಾರೆ. ಬಸ್ಸಿನ ವೇಳಾಪಟ್ಟಿ ಹೀಗೆ ಬುದ್ಧಿಶಕ್ತಿಯ ಅಳತೆಯಾಗಿಬಿಡುತ್ತದೆ.

ಈ ನಂಬಿಕೆಯಿಂದ ಪೆಟ್ಟು ತಿಂದವರು ಹುಡುಗಿಯರು ಮಾತ್ರವೇ ಎಂದು ನಾನು ಬಹುಕಾಲ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಹಲವು ದೇಶಗಳ ಹದಿನೈದರ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಪರೀಕ್ಷೆಯಲ್ಲಿ, 2022ರಲ್ಲಿ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸರಾಸರಿಯಂತೆ ಹುಡುಗರು ಗಣಿತದಲ್ಲಿ ಮುಂದಿದ್ದುದು 9 ಅಂಕ. ಓದಿನಲ್ಲಿ ಹುಡುಗಿಯರು ಮುಂದಿದ್ದುದು 24 ಅಂಕ. ಗಣಿತದ ಅಂತರ ದೇಶದಿಂದ ದೇಶಕ್ಕೆ ಹೊಯ್ದಾಡುತ್ತದೆ, 2003ರಲ್ಲಿ ಐಸ್‌ಲೆಂಡ್‌ನಲ್ಲಿ ಹುಡುಗಿಯರೇ ಮುಂದಿದ್ದರು. ಓದಿನ ಅಂತರ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ದಿಕ್ಕಿಗಿದೆ. ಅಂದರೆ ನಾವು ಚಿಂತೆ ಮಾಡಬೇಕಾದ ದೊಡ್ಡ ಅಂತರ ಹುಡುಗರ ಓದಿನದು. ನಮ್ಮಲ್ಲಿಯೂ ಹತ್ತನೆಯ ತರಗತಿಗೆ ಬಂದು ಒಂದು ಪ್ಯಾರಾ ತಡವರಿಸದೆ ಓದಲಾರದ ಹುಡುಗರು ಪ್ರತಿ ವರ್ಷ ನನ್ನ ಮುಂದೆ ಕೂತಿರುತ್ತಿದ್ದರು. ಅವರಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಲೆಕ್ಕದ ಪ್ರಶ್ನೆಯನ್ನು ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಇದಕ್ಕೆ ಸಿದ್ಧ ಸಮಾಧಾನವಿತ್ತು: "ಗಂಡುಹುಡುಗ, ಒಂದು ಕಡೆ ಕೂತು ಓದ್ತಾನಾ?" ಹುಡುಗಿಗೆ ಹೊಸಿಲು ದಾಟಬೇಡ ಎಂದು ಕೂರಿಸಿದ್ದೇ ಅವಳಿಗೆ ಪುಸ್ತಕದ ಸಮಯವಾಯಿತು, ಹುಡುಗನಿಗೆ ಕೊಟ್ಟ ಸಲುಗೆಯೇ ಅವನಿಗೆ ಮುಳುವಾಯಿತು. ಶೇಕಡಾ 15ರ ಫಲಿತಾಂಶದ ಅಂತರವೆಲ್ಲ ಇದರಿಂದಲೇ ಬಂದದ್ದೆಂದು ನಾನು ಹೇಳುತ್ತಿಲ್ಲ. ಗೈರುಹಾಜರಿ, ಕೂಲಿ ಕೆಲಸ, ಮೊಬೈಲು ಇವೂ ಇವೆ. ಆದರೆ ಹುಡುಗರ ಓದಿನ ಬಗ್ಗೆ ಒಂದು ಸಮಿತಿಯೂ, ಒಂದು ಸುತ್ತೋಲೆಯೂ ನನ್ನ ಸೇವಾವಧಿಯಲ್ಲಿ ನನ್ನ ಮೇಜಿಗೆ ಬರಲಿಲ್ಲ. ಸ್ವಭಾವವೇ ಹಾಗೆ ಎಂದುಕೊಂಡ ಮೇಲೆ ಸುತ್ತೋಲೆ ಯಾಕೆ ಬೇಕು?

ಆದ್ದರಿಂದ ನನ್ನ ಬೇಡಿಕೆಗಳು ಎರಡೂ ಕಡೆಯವು. ಪಿಯು ದಾಖಲಾತಿಯ ಸಮಯದಲ್ಲಿ ವಿದ್ಯಾರ್ಥಿಯ ಅಂಕ ಮತ್ತು ಇಚ್ಛೆಯ ಹೊರತು ಬೇರೆ ಯಾವ ಆಧಾರದ ಮೇಲೂ ವಿಭಾಗದ ಸಲಹೆ ನೀಡಕೂಡದೆಂದು ಲಿಖಿತ ಸೂಚನೆ ಹೋಗಲಿ. ವಿಜ್ಞಾನ ವಿಭಾಗವಿಲ್ಲದ ಕಾಲೇಜುಗಳ ಪಟ್ಟಿಯನ್ನು ಸಾರಿಗೆ ಇಲಾಖೆಯೊಂದಿಗೆ ಕೂತು ನೋಡಿ, ಒಂದೋ ವಿಭಾಗ, ಇಲ್ಲವೇ ಸಂಜೆಯ ಬಸ್ಸು, ಎರಡರಲ್ಲೊಂದನ್ನು ಕೊಡಿ. ಪ್ರಾಥಮಿಕ ಶಿಕ್ಷಕರ ತರಬೇತಿಯಲ್ಲಿ ಗಣಿತದ ಬೋಧನಾ ವಿಧಾನಕ್ಕೆ ಕೊಡುವ ದಿನಗಳಲ್ಲಿ ಒಂದಿಷ್ಟನ್ನು ಶಿಕ್ಷಕರೇ ಹೆದರದೆ ಲೆಕ್ಕ ಮಾಡುವುದಕ್ಕೆ ಬಿಟ್ಟುಕೊಡಿ; ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಇದಕ್ಕೆ ಬೇಕಾದವರು ಇದ್ದಾರೆ. ಮೊದಲ ಮೂರು ತರಗತಿಗಳ ನಲಿ-ಕಲಿ ಮುಗಿಸಿ ನಾಲ್ಕನೆಯ ತರಗತಿಗೆ ಬರುವ ಹುಡುಗರ ಓದನ್ನು ಪ್ರತ್ಯೇಕವಾಗಿ ಅಳೆದು, ಹಿಂದುಳಿದವರಿಗೆ ಆ ವರ್ಷವೇ ನೆರವು ಸಿಗುವಂತೆ ಮಾಡಿ. ಎಂಟನೆಯ ತರಗತಿಯ ಆರಂಭದಲ್ಲಿ ಹಿಂದಿನ ಪಾಠ ನೆನಪಿಸುವ ಸೇತುಬಂಧದವರೆಗೆ ಕಾಯಬೇಡಿ.

ಕೊನೆಯದಾಗಿ, ಫಲಿತಾಂಶದ ದಿನ ಉತ್ತೀರ್ಣರ ಶೇಕಡಾವಾರು ಒಂದನ್ನೇ ಮುಂದಿಟ್ಟರೆ ಪತ್ರಿಕೆಯವರಿಗೆ ಮೇಲುಗೈ ಕೆಳಗೈಯ ತಲೆಬರಹ ಬಿಟ್ಟು ಬೇರೇನೂ ಬರೆಯಲು ಸಿಗುವುದಿಲ್ಲ. ಗಣಿತದ ಮತ್ತು ಪ್ರಥಮ ಭಾಷೆಯ ಅಂಕಗಳಲ್ಲಿ ಹುಡುಗ ಹುಡುಗಿಯರ ಹಂಚಿಕೆ ಹತ್ತತ್ತು ಅಂಕಗಳ ವರ್ಗಾಂತರದಲ್ಲಿ ಹೇಗಿದೆ ಎಂಬ ಎರಡು ಕೋಷ್ಟಕಗಳನ್ನು, ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಿಗೆ ಬೇರೆ ಬೇರೆಯಾಗಿ ಕೊಡಿ. ಬೇರೆ ಬೇರೆ ಯಾಕೆಂದರೆ, ಎಷ್ಟೋ ಮನೆಗಳಲ್ಲಿ ಮಗ ಖಾಸಗಿ ಇಂಗ್ಲಿಷ್ ಶಾಲೆಗೂ ಮಗಳು ಸರ್ಕಾರಿ ಕನ್ನಡ ಶಾಲೆಗೂ ಹೋಗುತ್ತಾರೆ; ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಯಾವುದರ ತೂಕವೂ ತಿಳಿಯದು. ಅಂಕಗಳು ಪರೀಕ್ಷಾ ಮಂಡಳಿಯ ಗಣಕಯಂತ್ರದಲ್ಲಿ ಇದ್ದೇ ಇವೆ, ಕೋಷ್ಟಕ ಮಾಡಲು ಒಂದು ಮಧ್ಯಾಹ್ನ ಸಾಕು. ಮುಂದಿನ ಫಲಿತಾಂಶದ ಪ್ರಕಟಣೆಯಲ್ಲಿ ಅವೆರಡನ್ನು ಹುಡುಕುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ